ಕಛೇರಿಯ ಧ್ವನಿ



1977ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ರಾಕ್ ತಂಡ ‘ಥರ್ಟೀನ್ ಎಡಿ’. ಅಲ್ಲಿನ ಸೀಲಾರ್ಡ್ ಹೋಟೆಲಿನಲ್ಲಿ ಸಂಜೆಗಳಲ್ಲಿ ನುಡಿಸಿ ಪಳಗಿದವರು. ಅವರ ‘ಗ್ರೌಂಡ್ ಝೀರೋ’ ಆಲ್ಬಂ ಬಂದದ್ದು 1990ರಲ್ಲಿ. ತಿರುವನಂತಪುರದ ಕಳಕ್ಕೂಟಂನಲ್ಲಿ ಟೆಕ್ನೋಪಾರ್ಕ್ ಎಂಬ ಐಟಿ ಪಾರ್ಕ್ ಆರಂಭವಾದದ್ದೂ ಅದೇ ವರ್ಷ. ಇಂದು ಅಲ್ಲಿ ಕೆಲಸ ಮಾಡುವ ಎಷ್ಟೋ ಹುಡುಗರು ಆಗಿನ್ನೂ ಹುಟ್ಟಿರಲಿಲ್ಲ. ಆ ಸಂಜೆಗಳ ಕಾವು ಅವರಿಗೆ ಹೇಗೆ ತಲುಪಬೇಕು?

ಅದಕ್ಕೇ ಬೇಕು, ಸಂಗೀತ ಕಛೇರಿಯಲ್ಲೇ ಧ್ವನಿಮುದ್ರಿಸಿದ ಲೈವ್ ಆಲ್ಬಂ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1986ರಲ್ಲಿ ತಮ್ಮ ಹತ್ತು ವರ್ಷಗಳ ವೇದಿಕೆಯ ಹಾಡುಗಳಿಂದ ನಲವತ್ತನ್ನು ಆರಿಸಿ ಐದು ಎಲ್‌ಪಿಗಳಲ್ಲಿ ತಂದರು. ಹಾಡಿನ ನಡುವೆ ಅವರು ಹೇಳುವ ಕಥೆಗಳಿವೆ, ಜನರ ಕೂಗಿದೆ. ಸಣ್ಣ ಕ್ಲಬ್ಬಿನಿಂದ ದೊಡ್ಡ ಕ್ರೀಡಾಂಗಣದವರೆಗೆ ಒಬ್ಬ ಗಾಯಕ ಬೆಳೆದ ದಾರಿ ಕಿವಿಗೇ ಕಾಣಿಸುತ್ತದೆ. ಸ್ಟುಡಿಯೋದಲ್ಲಿ ತಪ್ಪಿದರೆ ಮತ್ತೆ ಹಾಡಬಹುದು; ವೇದಿಕೆಯಲ್ಲಿ ಆ ಕ್ಷಣಕ್ಕೆ ಎದೆಯಲ್ಲಿದ್ದದ್ದೇ ಹೊರಬರುತ್ತದೆ. ವಯಸ್ಸಾದ ಕಲಾವಿದನ ದನಿ ಒಂದಿಷ್ಟು ಒರಟಾದರೂ ನನಗೆ ಅದೇ ಹೆಚ್ಚು ಪ್ರಿಯ.

ಕೊಚ್ಚಿಯ ಮದರ್‌ಜೇನ್, ತಿರುವನಂತಪುರದ ಅವಿಯಲ್ ರಾಕ್ ತಂಡಗಳು ಕೂಡ 2008ರಲ್ಲಿ ಒಳ್ಳೆಯ ಆಲ್ಬಂಗಳನ್ನು ಕೊಟ್ಟವು. ಇಂಥವರ ವೇದಿಕೆಯ ದನಿಯೂ ಉಳಿಯಬೇಕು. ನಿಮ್ಮ ಊರಿನ ಹಿರಿಯ ಕಲಾವಿದರ ಕಛೇರಿಯ ಹಳೆಯ ಕ್ಯಾಸೆಟ್ ಮನೆಯಲ್ಲಿದ್ದರೆ, ಬೂಷ್ಟು ಹಿಡಿಯುವ ಮುನ್ನ, ದಯವಿಟ್ಟು ಡಿಜಿಟಲ್ ಪ್ರತಿ ಮಾಡಿಸಿಡಿ.