ದಫ್ತರದ ತಪ್ಪೂ ಸೈನಿಕನ ಪದಕವೂ

ಸೈನಿಕನ ಎದೆಯ ಮೇಲಿನ ಪದಕವನ್ನು ನಾವು ಶೌರ್ಯದ ಗುರುತೆಂದು ಭಾವಿಸುತ್ತೇವೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಶೌರ್ಯ ಮೆರೆಯುವುದು ರಣರಂಗದಲ್ಲಿ, ಪದಕ ಹುಟ್ಟುವುದು ಕಚೇರಿಯಲ್ಲಿ. ಇವೆರಡರ ನಡುವೆ ಒಂದು ಕಾಗದವಿದೆ. ಆ ಕಾಗದದಲ್ಲಿ ಯಾರೋ ಒಬ್ಬ ಗುಮಾಸ್ತ ಬರೆಯಬೇಕಾದ ಒಂದು ಪಂಕ್ತಿ ಇದೆ. ಆ ಪಂಕ್ತಿಯಿದ್ದರೆ ಪದಕವುಂಟು, ಇಲ್ಲದಿದ್ದರೆ ಇಲ್ಲ. ಬರೆಯದೆ ಉಳಿದ ಪಂಕ್ತಿಯನ್ನು ಎಷ್ಟೋ ವರ್ಷಗಳ ಮೇಲೆ ಬರೆಯಿಸುವುದು ಹೇಗೆ, ಬರೆಯಿಸುವುದಾದರೂ ಏಕೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಜೀವಮಾನವೆಲ್ಲ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದವನಿಗೆ ಸೇನೆಯ ಕಡತಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ಓಲೆಗರಿಗಳ ನಡುವೆ ಬಾಳಿದವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ: ಬರೆದದ್ದೆಲ್ಲ ನಡೆದದ್ದಲ್ಲ, ನಡೆದದ್ದೆಲ್ಲ ಬರೆಹಕ್ಕೆ ಬಂದಿಲ್ಲ. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿದರೆ ನಡುವಣ ಪದ್ಯವೇ ಮಾಯವಾಗುತ್ತದೆ. ಗೆದ್ದಲು ತಿಂದರೆ ಗರಿಯೇ ಹೋಗುತ್ತದೆ. ಗ್ರಂಥಸಂಪಾದಕ ಮಾಡುವ ಕೆಲಸವನ್ನೇ ಬೇರೆ ಹೆಸರಿನಲ್ಲಿ ಮಾಡುವ ಒಂದು ವ್ಯವಸ್ಥೆಯನ್ನು ಅಮೆರಿಕ ದೇಶ ತನ್ನ ಮಾಜಿ ಸೈನಿಕರಿಗಾಗಿ ಕಟ್ಟಿಕೊಂಡಿದೆ. ಅದರ ಕಥೆ ಕೇಳತಕ್ಕದ್ದು.

ಅಲ್ಲಿ ಸೇನೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬನ ಕೈಗೂ ಒಂದು ಪತ್ರ ಬರುತ್ತದೆ. 1950ರಿಂದ ಈಚೆಗೆ ಅದಕ್ಕೆ ಡಿ.ಡಿ. 214 ಎಂಬ ಒಣ ಹೆಸರು. ಎಲ್ಲಿ ಸೇವೆ ಸಲ್ಲಿಸಿದ, ಎಷ್ಟು ಕಾಲ, ಯಾವ ಯಾವ ಪದಕಗಳಿಗೆ ಅರ್ಹ ಎಂಬುದೆಲ್ಲ ಅದರಲ್ಲಿ ಅಡಕ. ಪದಕಗಳಲ್ಲೂ ಎರಡು ಬಗೆ. ಇಂಥ ಕಾಲದಲ್ಲಿ ಇಂಥ ರಣಕ್ಷೇತ್ರದಲ್ಲಿ ಇದ್ದ ಎಂಬಷ್ಟಕ್ಕೇ ಸಲ್ಲುವ ಸೇವಾಪದಕ ಒಂದು. ಮೇಲಧಿಕಾರಿ ಕಂಡು, ಮೆಚ್ಚಿ, ಶಿಫಾರಸು ಮಾಡಿದಾಗ ಮಾತ್ರ ಸಲ್ಲುವ ಶೌರ್ಯಪದಕ ಇನ್ನೊಂದು. ಮೊದಲನೆಯದಕ್ಕೆ ಹಾಜರಿಯ ದಾಖಲೆ ಸಾಕು. ಎರಡನೆಯದಕ್ಕೆ ಕಂಡವರ ಸಾಕ್ಷ್ಯ ಬೇಕು.

ಬರಬೇಕಾದ ಪದಕ ಬಾರದೆ ಉಳಿಯಲು ಯಾರ ದ್ವೇಷವೂ ಬೇಕಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇವಾಪದಕಗಳಿಗೆ ಬದಲಾಗಿ ಬಣ್ಣದ ಪಟ್ಟಿಯನ್ನಷ್ಟೇ ಕೊಟ್ಟದ್ದುಂಟು. ಆ ಯುದ್ಧದ ರಣಕ್ಷೇತ್ರ ಪದಕಗಳು ಲೋಹದ ರೂಪ ತಾಳಿದ್ದು 1947ರಲ್ಲಿ. ಅಷ್ಟರಲ್ಲಿ ಸೈನಿಕರು ಮನೆ ಸೇರಿ, ನೇಗಿಲೋ ಅಂಗಡಿಯೋ ಹಿಡಿದಾಗಿತ್ತು. ಕೊರಿಯಾ ಯುದ್ಧದ ಕಥೆ ಇನ್ನೂ ವಿಚಿತ್ರ. ದಕ್ಷಿಣ ಕೊರಿಯಾ ಸರ್ಕಾರ ತನ್ನ ನೆಲದಲ್ಲಿ ಹೋರಾಡಿದವರಿಗೆ ಒಂದು ಪದಕವನ್ನು 1951ರಲ್ಲೇ ನೀಡಲು ಮುಂದಾಯಿತು. ಅಮೆರಿಕ ಅದನ್ನು ಧರಿಸಲು ತನ್ನವರಿಗೆ ಅನುಮತಿ ಕೊಟ್ಟದ್ದು 1999ರಲ್ಲಿ. ಇಪ್ಪತ್ತರ ಹುಡುಗನಾಗಿ ಹೋದವನಿಗೆ ಎಪ್ಪತ್ತರ ಹತ್ತಿರದಲ್ಲಿ ಪದಕ!

ಗೆದ್ದಲಿನ ಮಾತು ಹೇಳಿದೆನಲ್ಲ, ಬೆಂಕಿಯ ಮಾತನ್ನೂ ಹೇಳಬೇಕು. 1973ರ ಜುಲೈ 12ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿದ್ದ ಸೈನಿಕ ದಾಖಲೆಗಳ ಭಂಡಾರದ ಆರನೆಯ ಅಂತಸ್ತಿಗೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ಸುಟ್ಟುಹೋದವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದವು. ಅವಕ್ಕೆ ನಕಲು ಪ್ರತಿ ಇರಲಿಲ್ಲ, ಸೂಕ್ಷ್ಮಚಿತ್ರ ಇರಲಿಲ್ಲ, ಇಂಥವು ಇದ್ದುವೆಂದು ಹೇಳುವ ಪಟ್ಟಿಯೂ ಇರಲಿಲ್ಲ. ಕಟ್ಟಡದಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಯುವ ಏರ್ಪಾಡೂ ಇರಲಿಲ್ಲ. ಬೆಂಕಿಗೆ ಕಾರಣ ಏನೆಂದು ಇಂದಿಗೂ ಖಚಿತವಾಗಿಲ್ಲ.

ಆಮೇಲೆ ನಡೆದದ್ದನ್ನು ಹಸ್ತಪ್ರತಿಗಳನ್ನು ಪ್ರೀತಿಸುವ ಯಾರಾದರೂ ಕೈಮುಗಿದು ಕೇಳಬೇಕು. ಅರ್ಧ ಸುಟ್ಟು, ನೀರಿನಲ್ಲಿ ನೆನೆದು, ಬೂಷ್ಟು ಹಿಡಿಯತೊಡಗಿದ್ದ ಕಾಗದಗಳನ್ನು ಬಾಚಿ ತೆಗೆದರು. ಬಾಹ್ಯಾಕಾಶದ ನಿರ್ವಾತವನ್ನು ಕೃತಕವಾಗಿ ಉಂಟುಮಾಡಲು ಒಂದು ವಿಮಾನ ಕಾರ್ಖಾನೆಯಲ್ಲಿ ಕಟ್ಟಿದ್ದ ದೈತ್ಯ ಕೊಠಡಿಯೊಳಗೆ ಇಟ್ಟು ಅವನ್ನು ಒಣಗಿಸಿದರು. ಹಾಗೆ ಉಳಿದವು ಸುಮಾರು 65 ಲಕ್ಷ ಕಡತಗಳು. ಪೂರ್ತಿ ಬೂದಿಯಾದವನ ಚರಿತ್ರೆಯನ್ನು ಬೇರೆ ಆಕರಗಳಿಂದ ಮರಳಿ ಕಟ್ಟುವ ಪದ್ಧತಿ ಬೆಳೆಯಿತು. ಕೊನೆಯ ಸಂಬಳದ ಚೀಟಿ, ದಳದ ದಿನವಹಿ ವರದಿ, ಆಸ್ಪತ್ರೆಗೆ ಸೇರಿದ ದಾಖಲೆ, ಪರಿಹಾರ ಕೋರಿದ ಹಳೆಯ ಅರ್ಜಿ, ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವುದು. ಮೂಲಪ್ರತಿ ನಾಶವಾದ ಕಾವ್ಯವನ್ನು ಬೇರೆ ಬೇರೆ ಗ್ರಂಥಗಳಲ್ಲಿ ಉದ್ಧೃತವಾದ ಪದ್ಯಗಳಿಂದ ಹೆಕ್ಕಿ ತೆಗೆಯುವ ವಿದ್ವಾಂಸರ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇದು ದೈವಿಕದ ತಪ್ಪಾಯಿತು. ಆದರೆ ಮನುಷ್ಯ ಮಾಡಿದ ತಪ್ಪೂ ಉಂಟು. ಎರಡನ್ನೂ ತಿದ್ದುವ ದಾರಿಯನ್ನು ಅಲ್ಲಿಯ ಶಾಸನಸಭೆ 1946ರಲ್ಲಿ ತೆರೆಯಿತು. ಅದಕ್ಕೆ ಮುಂಚೆ ಒಬ್ಬೊಬ್ಬ ಸೈನಿಕನ ದಾಖಲೆ ತಿದ್ದಲೂ ಸಭೆಯಲ್ಲಿ ಒಂದೊಂದು ಮಸೂದೆ ತರಬೇಕಾಗುತ್ತಿತ್ತು. ಆ ಹೊರೆ ತಾಳಲಾರದೆ ಸಭೆ ಅಂಥ ಮಸೂದೆಗಳನ್ನೇ ನಿಷೇಧಿಸಿತು. ದಾಖಲೆ ತಿದ್ದುವ ಅಧಿಕಾರವನ್ನು ಮಂಡಲಿಗಳಿಗೆ ಒಪ್ಪಿಸಿತು. ಆ ಮಂಡಲಿಗಳಲ್ಲಿ ಕೂರುವವರು ಸಮವಸ್ತ್ರದ ಅಧಿಕಾರಿಗಳಲ್ಲ, ನಾಗರಿಕರು. ಅರ್ಜಿಗೆ ಶುಲ್ಕವಿಲ್ಲ. ಸೈನಿಕ ತೀರಿಕೊಂಡಿದ್ದರೆ ಹೆಂಡತಿಯೋ ಹತ್ತಿರದ ಬಂಧುವೋ ಅರ್ಜಿ ಹಾಕಬಹುದು. ತಪ್ಪು ಗೊತ್ತಾದ ಮೂರು ವರ್ಷಗಳೊಳಗೆ ಎಂಬ ಅವಧಿಯೇನೋ ಇದೆ; ನ್ಯಾಯದ ಹಿತಕ್ಕಾಗಿ ಅದನ್ನು ಮನ್ನಿಸುವ ಅಧಿಕಾರವೂ ಇದೆ. ಮಂಡಲಿ ಮಾತ್ರ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ದಾಖಲೆ ಸರಿಯಾಗಿದೆ ಎಂದೇ ಅದು ಮೊದಲು ಭಾವಿಸುತ್ತದೆ. ತಪ್ಪೆಂದು ತೋರಿಸುವ ಭಾರ ಅರ್ಜಿದಾರನದು.

ಆ ಕಾನೂನಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಎರಡು ಶಬ್ದಗಳು. ತಪ್ಪನ್ನು ತಿದ್ದಬಹುದು ಎಂದಷ್ಟೇ ಹೇಳಿ ಅದು ಸುಮ್ಮನಾಗಲಿಲ್ಲ. ತಪ್ಪನ್ನು ತಿದ್ದಲು ಅಥವಾ ಅನ್ಯಾಯವನ್ನು ತೊಡೆಯಲು ಎಂದಿತು. ತಪ್ಪು ಕೈಯದು, ಅನ್ಯಾಯ ಕಣ್ಣಿನದು. ಕೈತಪ್ಪಿ ಬಿಟ್ಟುಹೋದದ್ದು ಒಂದು, ಕಂಡೂ ಕಾಣದಂತೆ ಬಿಟ್ಟದ್ದು ಇನ್ನೊಂದು. ಈ ಎರಡನೆಯದಕ್ಕೆ ಹೆನ್ರಿ ಜಾನ್ಸನ್ ಎಂಬ ಕರಿಯ ಸೈನಿಕನ ಬಾಳು ನಿದರ್ಶನ.

ಜಾನ್ಸನ್ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ಟಣದ ರೈಲುನಿಲ್ದಾಣದಲ್ಲಿ ಹಮಾಲಿಯಾಗಿದ್ದವನು. 1917ರ ಜೂನಿನಲ್ಲಿ ಕರಿಯರದೇ ಆದ ಒಂದು ಪದಾತಿ ದಳಕ್ಕೆ ಸೇರಿದ. ಮುಂದೆ 369ನೆಯ ದಳವೆಂದು ಹೆಸರಾದ ಆ ತುಕಡಿಯನ್ನು ಅಮೆರಿಕದ ಸೇನೆ ಫ್ರೆಂಚರ ಅಧೀನಕ್ಕೆ ಒಪ್ಪಿಸಿತು. 1918ರ ಮೇ 14-15ರ ನಡುರಾತ್ರಿ, ಆರ್ಗಾನ್ ಕಾಡಿನ ಅಂಚಿನಲ್ಲಿ, ಜಾನ್ಸನ್ ಮತ್ತು ಅವನ ಜೊತೆಗಾರ ನೀಡಮ್ ರಾಬರ್ಟ್ಸ್ ಕಾವಲಿದ್ದಾಗ ಹನ್ನೆರಡಕ್ಕೆ ಕಡಿಮೆಯಿಲ್ಲದ ಜರ್ಮನ್ ಸೈನಿಕರು ಮೇಲೆ ಬಿದ್ದರು. ರಾಬರ್ಟ್ಸ್ ಗಾಯಗೊಂಡು ಕುಸಿದ. ಜಾನ್ಸನ್ ಕೈಬಾಂಬು ತೀರುವವರೆಗೆ ಅದನ್ನು ಎಸೆದ; ಗುಂಡು ಹಾರಿಸಿದ; ಬಂದೂಕನ್ನೇ ದೊಣ್ಣೆಯಾಗಿ ಬೀಸಿದ; ಕೊನೆಗೆ ಮಚ್ಚು ಹಿಡಿದು, ಗೆಳೆಯನನ್ನು ಸೆರೆಯೊಯ್ಯುತ್ತಿದ್ದವರ ನಡುವೆ ನುಗ್ಗಿ ಬಿಡಿಸಿಕೊಂಡು ಬಂದ. ಅವನ ಮೈಮೇಲೆ ಇಪ್ಪತ್ತೊಂದು ಗಾಯಗಳು.

ಫ್ರೆಂಚ್ ಸರ್ಕಾರ ಅವನಿಗೆ ಕ್ರ್ವಾ ದ ಗೇರ್ ಪದಕವನ್ನು ಕೊಟ್ಟಿತು. 1919ರ ಫೆಬ್ರವರಿಯಲ್ಲಿ ದಳ ಮರಳಿದಾಗ ನ್ಯೂಯಾರ್ಕಿನ ಬೀದಿಗಳಲ್ಲಿ ಜನ ಜಯಘೋಷ ಮಾಡಿದರು. ಸ್ವದೇಶದ ಸೇನೆ ಏನು ಕೊಟ್ಟಿತು? ಒಂದು ಬಿಡುಗಡೆ ಪತ್ರ. ಅದರಲ್ಲಿ ಗಾಯಗಳ ಉಲ್ಲೇಖವೇ ಇರಲಿಲ್ಲ. ಯುದ್ಧದಲ್ಲಿ ಗಾಯಗೊಂಡವರಿಗೆಂದು 1932ರಲ್ಲಿ ಪರ್ಪಲ್ ಹಾರ್ಟ್ ಪದಕ ರೂಪುಗೊಳ್ಳುವ ಹೊತ್ತಿಗೆ ಜಾನ್ಸನ್ ಇರಲಿಲ್ಲ. ಅವನು 1929ರ ಜುಲೈನಲ್ಲೇ, ನಲವತ್ತು ತುಂಬುವ ಮೊದಲು, ತೀರಿಕೊಂಡಿದ್ದ.

ಇಲ್ಲಿ ನಮ್ಮ ನಾಡಿನ ಒಂದು ಕಲ್ಲು ನೆನಪಾಗುತ್ತದೆ. ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರ, ಅರಸನ ಮೆಚ್ಚುಗೆಯ ಕೊಡುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಅದಕ್ಕೂ ಒಂದು ಕಲ್ಲು ನಿಂತಿತು. ಅದರ ಹೆಸರು ಅಕ್ಷರದಲ್ಲಿ ಕೆತ್ತಲ್ಪಟ್ಟಿತು. ಸಾವಿರ ವರ್ಷದ ಮೇಲೂ ನಾಯಿಯ ಹೋರಾಟವನ್ನು ನಾವು ಓದುತ್ತಿದ್ದೇವೆ. ಇಪ್ಪತ್ತನೆಯ ಶತಮಾನದಲ್ಲಿ, ಬೆರಳಚ್ಚುಯಂತ್ರವೂ ಗುಮಾಸ್ತರ ಪಡೆಯೂ ಇದ್ದ ಸೇನೆಯಲ್ಲಿ, ಒಬ್ಬ ಮನುಷ್ಯನ ಇಪ್ಪತ್ತೊಂದು ಗಾಯಗಳಿಗೆ ಒಂದು ಪಂಕ್ತಿ ಸಿಗಲಿಲ್ಲ. ಸಾಧನ ಹೆಚ್ಚಿದರೆ ನೆನಪು ಹೆಚ್ಚುತ್ತದೆ ಎಂಬ ಭ್ರಮೆ ಯಾರಿಗೂ ಬೇಡ.

ಜಾನ್ಸನ್ ಒಬ್ಬನೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಫ್ರೆಡ್ಡಿ ಸ್ಟೋವರ್ಸ್ ಎಂಬ ಕರಿಯ ಸೈನಿಕನಿಗೆ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಕೊಡಬೇಕೆಂಬ ಶಿಫಾರಸು ಕಡತಗಳ ನಡುವೆ ಹೂತುಹೋಗಿತ್ತು. 1991ರಲ್ಲಿ ಆ ಪದಕವನ್ನು ಸ್ವೀಕರಿಸಿದವರು ಅವನ ವಯೋವೃದ್ಧ ಸೋದರಿಯರು. ಎರಡನೆಯ ಮಹಾಯುದ್ಧದಲ್ಲಂತೂ ಒಬ್ಬ ಕರಿಯ ಸೈನಿಕನಿಗೂ ಆ ಪದಕ ಸಂದಿರಲಿಲ್ಲ. ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಮೇಲೆ 1997ರಲ್ಲಿ ಏಳು ಜನರಿಗೆ ಸಂದಿತು. ಆ ಏಳರಲ್ಲಿ ಅಂದು ಬದುಕಿದ್ದವನು ಒಬ್ಬನೇ.

ಜಾನ್ಸನ್ನನ ದಾಖಲೆ ತಿದ್ದಲು ಆಲ್ಬನಿಯ ಹಳೆಯ ಸೈನಿಕರೂ ಅವನ ಕುಟುಂಬದವರೆಂದು ಬಗೆದವರೂ ದಶಕಗಳ ಕಾಲ ದುಡಿದರು. 1996ರಲ್ಲಿ ಪರ್ಪಲ್ ಹಾರ್ಟ್ ಬಂತು; 2002ರಲ್ಲಿ ಶೌರ್ಯದ ಎರಡನೆಯ ದೊಡ್ಡ ಪದಕ ಬಂತು. ಅನಾಥನಂತೆ ಎಲ್ಲೋ ಹೂಳಲ್ಪಟ್ಟನೆಂದು ಜನ ನಂಬಿದ್ದ ಅವನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸಮಾಧಿಭೂಮಿಯಲ್ಲಿ ಮಲಗಿದ್ದಾನೆಂಬುದೂ 2002ರಲ್ಲಿ ತಿಳಿದುಬಂತು. ಅಲ್ಲಿಯ ದಾಖಲೆಯಲ್ಲಿ ಅವನ ಹೆಸರಿನ ಹಿಂದೆ ವಿಲಿಯಂ ಎಂಬ ಇನ್ನೊಂದು ಹೆಸರು ಸೇರಿತ್ತು; ಒಂದು ಹೆಸರು ಹೆಚ್ಚಾದದ್ದರಿಂದ ಮನುಷ್ಯನೇ ಕಳೆದುಹೋಗಿದ್ದ. ಅತ್ಯುನ್ನತ ಪದಕಕ್ಕೆ ಮಾತ್ರ ಆಧಾರ ಸಾಲದೆಂದು ಸೇನೆ ಒಪ್ಪಿರಲಿಲ್ಲ. ಆಮೇಲೆ, ಸೇನಾಧಿಪತಿ ಪರ್ಶಿಂಗ್ 1918ರ ಮೇ ತಿಂಗಳಲ್ಲೇ ಆ ರಾತ್ರಿಯ ಹೋರಾಟವನ್ನು ವರ್ಣಿಸಿ ಕಳಿಸಿದ್ದ ವರದಿ ಸಿಕ್ಕಿತು. ಪಂಕ್ತಿ ಇತ್ತು! ಬೇರೆ ಕಡತದಲ್ಲಿ ಇತ್ತು. ಅವಧಿ ಮೀರಿದ್ದನ್ನು ಶಾಸನಸಭೆ ಮನ್ನಿಸಿತು. 2015ರ ಜೂನ್ 2ರಂದು ಅಧ್ಯಕ್ಷ ಒಬಾಮ ಮೆಡಲ್ ಆಫ್ ಆನರನ್ನು ಮರಣೋತ್ತರವಾಗಿ ನೀಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಪದಕವನ್ನು ಯಾರ ಕೈಗೆ ಕೊಡಬೇಕೆಂದು ಸೇನೆ ವಂಶಾವಳಿಯನ್ನು ಪರಿಶೋಧಿಸಿದಾಗ, ತಂದೆಯೆಂದೂ ತಾತನೆಂದೂ ನಂಬಿ ಅವನಿಗಾಗಿ ಹೋರಾಡಿದ ಕುಟುಂಬಕ್ಕೂ ಅವನಿಗೂ ರಕ್ತಸಂಬಂಧವಿಲ್ಲವೆಂದು ತೇಲಿತು. ಪದಕವನ್ನು ಸ್ವೀಕರಿಸಿದವನು ಅವನ ದಳದ ಪರಂಪರೆಗೆ ಸೇರಿದ ನ್ಯೂಯಾರ್ಕ್ ನ್ಯಾಷನಲ್ ಗಾರ್ಡಿನ ಒಬ್ಬ ಹಿರಿಯ ಸೈನಿಕ. ಆ ಮನೆಯವರ ನೋವನ್ನು ನಾವು ಊಹಿಸಬಲ್ಲೆವು. ಯಾವ ಕಾಗದಗಳ ಸತ್ಯಕ್ಕೆ ಅವರು ಮೊರೆಹೋಗಿದ್ದರೋ ಆ ಸತ್ಯವೇ ಅವರ ಕೈಯಿಂದ ಅಜ್ಜನನ್ನು ಕಸಿದುಕೊಂಡಿತು.

ಆದರೂ ನಾನು ಹೇಳುತ್ತೇನೆ, ಆ ಪರಿಶೋಧನೆ ನಡೆದದ್ದು ಸರಿಯೇ. ದಾಖಲೆಯನ್ನು ತಿದ್ದುವುದೆಂದರೆ ಯಾರ ಮೇಲೋ ದಯೆ ತೋರುವುದಲ್ಲ. ಬರೆಹವನ್ನು ನಡೆದದ್ದಕ್ಕೆ ಸಮನಾಗಿಸುವುದು. ಯಾವ ಪ್ರತಿಯಲ್ಲೂ ಇಲ್ಲದ ಪದ್ಯವನ್ನು, ಎಷ್ಟೇ ಸೊಗಸಾಗಿದ್ದರೂ, ಸಂಪಾದಕ ಸೇರಿಸಲಾರ. ಇರುವುದನ್ನು, ಎಷ್ಟೇ ಕಹಿಯಾಗಿದ್ದರೂ, ಬಿಡಲಾರ. ಅದೇ ನಿಷ್ಠುರತೆ ಜಾನ್ಸನ್ನನಿಗೆ ಪದಕವನ್ನು ತಂದುಕೊಟ್ಟಿತು. ಇಷ್ಟಾಗಿಯೂ, ಆ ಕುಟುಂಬದ ದುಡಿಮೆ ಹುಸಿಯಾಗಲಿಲ್ಲ. ರಕ್ತದ ಹಂಗಿಲ್ಲದೆಯೂ ಒಬ್ಬ ಸತ್ತವನ ಋಣವನ್ನು ಅವರು ತೀರಿಸಿದರು.

ಸತ್ತವನಿಗೆ, ಅಥವಾ ಹಲ್ಲುದುರಿದ ಮುದುಕನಿಗೆ, ಹಿತ್ತಾಳೆಯ ಬಿಲ್ಲೆ ಏಕೆ ಎಂದು ಕೇಳುವವರುಂಟು. ಸಂದ ಗೌರವಗಳಲ್ಲೂ ಎಲ್ಲವೂ ನಿಲ್ಲುವುದಿಲ್ಲ. 2023ರಲ್ಲಿ ಲೂಯಿಸಿಯಾನದ ಒಂದು ಸೇನಾನೆಲೆಗೆ ಜಾನ್ಸನ್ನನ ಹೆಸರಿಟ್ಟರು. 2025ರಲ್ಲಿ ಅದನ್ನು ತೆಗೆದು ಹಿಂದಿನ ಹೆಸರನ್ನೇ ಮರಳಿ ತಂದರು. ಫಲಕದ ಹೆಸರು ಆಳುವವರ ಇಚ್ಛೆಯದು; ಸಾಕ್ಷ್ಯಸಹಿತ ತಿದ್ದಿದ ದಾಖಲೆಗೆ ಆ ಚಂಚಲತೆಯಿಲ್ಲ. ಪದಕದ ಬೆಲೆ ಲೋಹದಲ್ಲಿಲ್ಲ. ನೀನು ಅಲ್ಲಿದ್ದೆ, ನಾವು ಬಲ್ಲೆವು ಎಂದು ಒಂದು ದೇಶ ಒಬ್ಬ ಸಾಮಾನ್ಯನಿಗೆ ಹೇಳುವ ಮಾತಿನಲ್ಲಿದೆ.

ಕೊಡಗು, ಬೆಳಗಾವಿಗಳಂಥ ನಮ್ಮ ಸೀಮೆಗಳಲ್ಲೂ ಸೇನೆಗೆ ಹೋಗಿ ಬಂದ ಹಿರಿಯರಿರುವ ಮನೆಗಳು ಬಹಳ. ಅವರ ಟ್ರಂಕಿನ ತಳದಲ್ಲಿ ಒಂದು ಡಿಸ್ಚಾರ್ಜ್ ಪುಸ್ತಕ ಇದ್ದೀತು. ಅದರಲ್ಲಿ ಹೆಸರಿನ ಅಕ್ಷರ ಸರಿಯಿದೆಯೆ, ತಾರೀಖುಗಳು ಸರಿಯಿವೆಯೆ, ಹೋದ ಕಡೆಗಳೆಲ್ಲ ನಮೂದಾಗಿವೆಯೆ ಎಂದು ಅವರ ಪಕ್ಕದಲ್ಲಿ ಕುಳಿತು ಓದಿ. ತಪ್ಪಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರನ್ನು ವಿಚಾರಿಸಿ. ಹಳೆಯ ಕಾಗದವೊಂದನ್ನೂ ಒಲೆಗೆ ಹಾಕಬೇಡಿ. ಕೇಳಿ ಬರೆದುಕೊಳ್ಳಲು ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ಸಾಕ್ಷಿ ಹೇಳುವವರು ಇಲ್ಲವಾದ ಮೇಲೆ ಕಡತವನ್ನು ಮಾತನಾಡಿಸುವುದು ಎಷ್ಟು ಕಷ್ಟವೆಂಬುದಕ್ಕೆ, ತೊಂಬತ್ತೇಳು ವರ್ಷ ಕಾದ ಆ ಆಲ್ಬನಿಯ ಹಮಾಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.