ಗೇಟಿಗೆ ಬಂದ ಹೆಂಗಸು, ಕಾಡು ದಾಟಿದ ಗುತ್ತಿ

ಇತ್ತೀಚೆಗೆ ಒಂದರ ಬೆನ್ನಿಗೆ ಒಂದು ಅನ್ನೋ ಹಾಗೆ ಎರಡು ಕನ್ನಡ ಕಾದಂಬರಿ ಓದಿ ಮುಗಿಸಿದೆ. ಒಂದು, ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಇನ್ನೊಂದು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', 1967ರದ್ದು. ಮೊದಲನೆಯದು 100 ಪುಟದ ಸುತ್ತಮುತ್ತ, ಎರಡನೆಯದು 700ರ ಆಸುಪಾಸು. ಚಿಕ್ಕದನ್ನ ಒಂದೇ ಸಂಜೆ ಓದಿ ಮುಗಿಸಿದೆ. ಆಮೇಲೆ ರಾತ್ರಿಯೆಲ್ಲ ಮನಸ್ಸು ಕಹಿಯಾಗಿತ್ತು. ದೊಡ್ಡದನ್ನ ವಾರಗಟ್ಟಲೆ ಓದಿದೆ. ಕೊನೆ ಹತ್ತಿರ ಬಂದಾಗ ಬೇಕಂತಲೇ ನಿಧಾನ ಮಾಡಿದೆ, ಆ ಊರುಗಳನ್ನ ಬಿಟ್ಟು ಬರೋಕೆ ಮನಸ್ಸಿರಲಿಲ್ಲ.

ಯಾಕೆ ಹೀಗಾಯ್ತು ಅನ್ನೋದನ್ನ ಇವತ್ತು ಹೇಳ್ತೀನಿ. ಎರಡೂ ಕಥೆಗಳ ಮುಖ್ಯ ಘಟನೆಗಳು ಮಾತಿನಲ್ಲಿ ಬರ್ತವೆ. ಏನೂ ಗೊತ್ತಿಲ್ಲದೆಯೇ ಓದಬೇಕು ಅನ್ನೋರು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ.

ಮೊದಲು 'ಘಾಚರ್ ಘೋಚರ್'. ಬೆಂಗಳೂರಿನ ಒಂದು ಕುಟುಂಬ. ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ ಮಾಲತಿ, ಕಥೆ ಹೇಳುವ ಮಗ, ಅವನ ಹೆಂಡತಿ ಅನಿತಾ. ಈ ಮಗನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಕಾಫಿ ಹೌಸ್‌ನಲ್ಲಿ ಕೂತು ತನ್ನ ಮನೆಯ ಕಥೆ ಹೇಳ್ತಾನೆ. ಒಂದು ಕಾಲಕ್ಕೆ ಇವರದು ತೀರಾ ಇಕ್ಕಟ್ಟಿನ ಮನೆ. ಟೀ ಪುಡಿ ಕಂಪನಿಯ ಸೇಲ್ಸ್‌ಮನ್ ಆಗಿದ್ದ ಅಪ್ಪನ ಸಂಬಳದಲ್ಲೇ ಸಂಸಾರ. ಮನೆ ತುಂಬ ಇರುವೆ. ಅಪ್ಪನ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಗೆ ಆತಂಕ. ಗ್ಯಾಸ್ ಒಲೆ ಬಂದರೆ ಅದೇ ದೊಡ್ಡ ಹಬ್ಬ. ಈ ಭಾಗ ಓದುವಾಗ ನನಗೆ ತುಂಬ ಖುಷಿಯಾಯ್ತು. ನಮ್ಮ ಬೀದಿಯ ಮನೆಗಳೇ, ನಮ್ಮ ಅಮ್ಮಂದಿರ ಮಾತೇ. ಆಮೇಲೆ ಅಪ್ಪನಿಗೆ ಸ್ವಯಂ ನಿವೃತ್ತಿಯಲ್ಲಿ ಬಂದ ದುಡ್ಡು ಹಾಕಿ ಚಿಕ್ಕಪ್ಪ 'ಸೋನಾ ಮಸಾಲ' ಶುರು ಮಾಡ್ತಾರೆ, ಹಣ ಹರಿದು ಬರುತ್ತೆ, ಮನೆ ಬದಲಾಗುತ್ತೆ. ಚಿಕ್ಕಪ್ಪನ ಊಟ, ನಿದ್ದೆ, ಮನಸ್ಸಿನ ಸ್ಥಿತಿ, ಎಲ್ಲವನ್ನೂ ಕಾಯುವುದೇ ಮಿಕ್ಕವರ ಕೆಲಸವಾಗುತ್ತೆ.

ಈಗ ನಾನು ಹೇಳಬೇಕಾಗಿರೋ ದೃಶ್ಯ. ಒಂದು ದಿನ ಒಬ್ಬ ಹೆಂಗಸು ಮನೆ ಮುಂದೆ ಬಂದು ನಿಲ್ತಾಳೆ. ಚಿಕ್ಕಪ್ಪನನ್ನ ಕೇಳ್ತಾಳೆ. ಕೈಯಲ್ಲಿ ಡಬ್ಬಿ, ಅವರಿಗೆ ಇಷ್ಟ ಅಂತ ಮಸೂರ್ ಬೇಳೆಯ ಸಾರು ಮಾಡಿ ತಂದಿದ್ದಾಳೆ. ಅಮ್ಮ ಮತ್ತು ಮಾಲತಿ ಅವಳ ಮೇಲೆ ಬೀಳ್ತಾರೆ. ಬಾಯಿಗೆ ಬಂದ ಹಾಗೆ ಬಯ್ತಾರೆ. ಸಾರು ಬೀದಿ ಪಾಲಾಗುತ್ತೆ. ಚಿಕ್ಕಪ್ಪ ಒಳಗೇ ಇದ್ದಾರೆ, ಹೊರಗೆ ಬರಲ್ಲ. ಕಥೆ ಹೇಳುವವನು ನೋಡ್ತಾನೆ, ಸುಮ್ಮನಿರ್ತಾನೆ. ಆ ಹೆಂಗಸು ಹೊರಟು ಹೋಗ್ತಾಳೆ. ಅವಳ ಮನೆ ಎಲ್ಲಿ, ಚಿಕ್ಕಪ್ಪನಿಗೂ ಅವಳಿಗೂ ಎಂಥ ನಂಟು, ಹೋಗಿ ಏನು ಮಾಡಿದಳು, ಒಂದೂ ನಮಗೆ ತಿಳಿಯಲ್ಲ. ಆ ಮನೆಯಲ್ಲಿ ಅವಳ ಪರವಾಗಿ ಬಾಯಿ ತೆರೆದವಳು ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳೇ.

ಇಲ್ಲಿಗೆ ಬರುವಷ್ಟರಲ್ಲಿ ನಾನು ಆ ಕುಟುಂಬದವರ ಜೊತೆ ಎಷ್ಟು ಹೊಂದಿಕೊಂಡಿದ್ದೆ ಅಂದರೆ, ಗೇಟಿನ ಒಳಗಡೆ ಅವರ ಮಧ್ಯೆಯೇ ನಿಂತಿದ್ದೆ. ಇರುವೆ ಕೊಲ್ಲುವ ದೃಶ್ಯಗಳಲ್ಲಿ ಅವರ ಜೊತೆ ನಕ್ಕಿದ್ದೆ. ಅದೇ ಒಗ್ಗಟ್ಟು, ಅದೇ ಹುರುಪು ಈಗ ಒಬ್ಬ ಹೆಂಗಸಿನ ಮೇಲೆ ತಿರುಗಿದಾಗ ಎದೆ ಝಲ್ ಅಂತು. ಶಾನಭಾಗರು ಎಲ್ಲೂ 'ನೋಡಿ, ಇವರು ಕ್ರೂರಿಗಳು' ಅಂತ ಹೇಳಲ್ಲ. ಹೇಳುವವನ ದನಿ ಕೊನೆವರೆಗೂ ಸಭ್ಯವಾಗಿ, ಮೆತ್ತಗೆ ಇರುತ್ತೆ. ಆ ಮೆತ್ತಗಿನ ದನಿಯೇ ಭಯ ಹುಟ್ಟಿಸುತ್ತೆ. ಅನಿತಾ ತವರಿಗೆ, ಹೈದರಾಬಾದಿಗೆ, ಹೋದವಳು ಇನ್ನೂ ಬಂದಿಲ್ಲ. ಕೊನೆಯ ಪುಟಗಳಲ್ಲಿ ಅವಳಿಗೆ ಏನಾಗಿರಬಹುದು ಅಂತ ಯೋಚಿಸುವ ಹೊರೆ ಪೂರ್ತಿ ನಮ್ಮ ಮೇಲೆ ಬೀಳುತ್ತೆ.

ನನಗೆ ಒಪ್ಪಿಗೆಯಾಗದ ಒಂದು ಅಂಶ: ಕಾಫಿ ಹೌಸಿನ ವೇಟರ್ ವಿನ್ಸೆಂಟ್. ಅವನು ಆಡುವ ಒಂದೊಂದು ಮಾತಲ್ಲೂ ಕಥೆಗಾರನಿಗೆ ದೊಡ್ಡ ಅರ್ಥ ಕಾಣುತ್ತೆ. ಕೊನೆಯ ದೃಶ್ಯಕ್ಕೆ ಅವನು ಬೇಕು, ಅದು ಗೊತ್ತಾಗುತ್ತೆ. ಆದರೂ ಮಿಕ್ಕೆಲ್ಲ ಪಾತ್ರಗಳು ಬೆವರು, ಉಸಿರು ಇರುವ ಮನುಷ್ಯರಾಗಿರುವಾಗ ಇವನೊಬ್ಬ ಲೇಖಕರ ಅನುಕೂಲಕ್ಕೆ ನಿಂತಿದ್ದಾನೆ ಅನ್ನಿಸ್ತು.

ಇದಾದ ಮೇಲೆ 'ಮಲೆಗಳಲ್ಲಿ ಮದುಮಗಳು' ಕೈಗೆತ್ತಿಕೊಂಡೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು. ತೀರ್ಥಹಳ್ಳಿ, ಮೇಗರವಳ್ಳಿ ಸುತ್ತಿನ ಕಾಡು. ಶುರುವಿನ ನೂರು ಪುಟ ಕಷ್ಟವೇ, ಅದರಲ್ಲಿ ಮುಚ್ಚುಮರೆ ಬೇಡ. ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ ಅಂತ ಮನೆಗಳು. ಒಂದೊಂದು ಮನೆಗೂ ಹೆಗ್ಗಡೆಗಳು, ಗೌಡರು, ಅವರ ಹೆಂಡಿರು ಮಕ್ಕಳು, ಹಟ್ಟಿಯ ಆಳುಗಳು. ಯಾರು ಯಾರ ನೆಂಟರು ಅಂತ ತಲೆಗೆ ಹತ್ತೋದೇ ಇಲ್ಲ. ನಾನು ಒಂದು ಹಾಳೆಯ ಮೇಲೆ ಊರು, ಮನೆ, ಹೆಸರು ಬರೆದಿಟ್ಟುಕೊಂಡೆ. ನೀವೂ ಹಾಗೆ ಮಾಡಿ, ಬಹಳ ಉಪಯೋಗ.

ಕಾದಂಬರಿ ಶುರುವಾಗೋದು ಯಾವ ಹೆಗ್ಗಡೆಯಿಂದಲೂ ಅಲ್ಲ. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿ, ಅವನ ನಾಯಿ ಹುಲಿಯ, ಇವರಿಬ್ಬರ ಕಾಡುದಾರಿಯ ನಡಿಗೆಯಿಂದ. ಗುತ್ತಿ ಹೊಲೆಯರ ಜಾತಿಯವನು, ಒಡೆಯನ ಅಂಗಳದಾಚೆಗೇ ನಿಲ್ಲಬೇಕಾದವನು. ಅವನಿಗೆ ತಿಮ್ಮಿ ಬೇಕು, ಅವಳನ್ನ ಹಾರಿಸಿಕೊಂಡು ಹೋಗಬೇಕು. ಅವನ ಈ ಆಸೆಗೆ ಕುವೆಂಪು ಕೊಡುವ ಪುಟಗಳೂ ಪ್ರೀತಿಯೂ, ದೊಡ್ಡ ಮನೆತನಗಳ ಮುಕುಂದಯ್ಯ ಮತ್ತು ಚಿನ್ನಮ್ಮನ ಪ್ರೇಮಕ್ಕೆ ಕೊಡುವುದಕ್ಕಿಂತ ಏನೂ ಕಡಿಮೆಯಿಲ್ಲ. ನಾಯಿಯ ಮನಸ್ಸಿನೊಳಕ್ಕೂ ಹೋಗ್ತಾರೆ. ಗಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ, ಪೀಂಚಲು ಗಂಡಹೆಂಡಿರ ಸಣ್ಣ ಸಂಸಾರ, ಅವರ ಸರಸ, ಅವರ ಗುಡಿಸಲು ಕೂಡ ಈ ಕಾದಂಬರಿಗೆ ತನ್ನ ಸ್ವಂತ ವಿಷಯ. ಯಾರಾದರೂ ದಾರಿಯಲ್ಲಿ ಎದುರಾದರೆ ಸಾಕು, ಕಥೆ ಅವರ ಹಿಂದೆ ಅವರ ಮನೆಯವರೆಗೂ ಹೋಗಿ ಬರುತ್ತೆ.

ಚಿನ್ನಮ್ಮ ಸಿಂಬಾವಿ ಭರಮೈಹೆಗ್ಗಡೆಯ ಜೊತೆಗಿನ ಮದುವೆಯಿಂದ ತಪ್ಪಿಸಿಕೊಳ್ಳುವ ಭಾಗವನ್ನಂತೂ ನಾನು ಮರೆಯೋ ಹಾಗಿಲ್ಲ. ಮಳೆ, ಕತ್ತಲೆ, ಇಂಬಳ, ಹುಲಿಕಲ್ ನೆತ್ತಿಯ ಏರು. ಅಂಥ ಹೊತ್ತಿನಲ್ಲಿ ಅವಳ ಜೊತೆಗಿರೋದು ಕೂಲಿಯವಳು ಪೀಂಚಲು. ಮನೆತನದ ಹುಡುಗಿಯೊಬ್ಬಳ ಜೀವ ಕೂಲಿಯ ಹೆಂಗಸಿನ ಧೈರ್ಯವನ್ನ ನಂಬಿ ನಡೀತಾ ಇದೆ. ಇನ್ನೊಂದು ಕಡೆ ಬೆಟ್ಟಳ್ಳಿಯ ಕಾವೇರಿ. ಅವಳನ್ನ ಯಾರೂ ಕಾಪಾಡಲ್ಲ. ಆ ಪುಟಗಳನ್ನ ಓದಿ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಡೆದಾಡಿ ಬಂದೆ. ಮಲೆನಾಡಿನ ಚೆಲುವು ನೋಡೋಕೆ ಈ ಪುಸ್ತಕ ತೆಗೆಯೋರಿಗೆ ಮೊದಲೇ ಹೇಳ್ತೀನಿ: ಜೀತ, ಮೈಲಿಗೆ, ಹೆಣ್ಣಿನ ಮೇಲಿನ ಹಿಂಸೆ, ರೋಗ, ಎಲ್ಲ ಇದರಲ್ಲಿದೆ.

ದೂರು ಇಲ್ಲಿಯೂ ಉಂಟು. ಪಾದ್ರಿಗಳ ಪ್ರಸಂಗ, ವಿವೇಕಾನಂದರನ್ನ ಕಥೆಯೊಳಗೆ ಕರೆತರುವ ಕಡೆ, ಕುವೆಂಪು ಅವರ ದನಿ ಪಾತ್ರಗಳಿಗಿಂತ ಜೋರಾಗುತ್ತೆ. ಗುತ್ತಿಯ ಬೆನ್ನು ಹತ್ತಿ ಹೋಗುವಾಗ ಇದ್ದ ನಂಬಿಕೆ ಅಲ್ಲಿ ಸ್ವಲ್ಪ ಸಡಿಲವಾಗುತ್ತೆ. ಬೆಟ್ಟಳ್ಳಿಯ ದೇವಯ್ಯ ಬೈಸಿಕಲ್ ತಂದಾಗ ಊರಿಗೆ ಊರೇ ಬೆರಗಾಗುವ ಪ್ರಸಂಗ ಇದೆಯಲ್ಲ, ಹೊಸ ಕಾಲ ಮಲೆನಾಡಿಗೆ ಹೇಗೆ ಕಾಲಿಟ್ಟಿತು ಅನ್ನೋದನ್ನ ಅದೊಂದೇ ತೋರಿಸಿಬಿಡುತ್ತೆ. ವ್ಯಾಖ್ಯಾನ ಬೇಕಿರಲಿಲ್ಲ.

ಆದರೂ ಕೊನೆಯಲ್ಲಿ, ಉಕ್ಕಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋದಾಗ ನಾನು ಅತ್ತುಬಿಟ್ಟೆ. ಒಂದು ನಾಯಿಗೆ ಅಷ್ಟು ಅಳು ಬರಬೇಕಾದರೆ ಅಷ್ಟೂ ಪುಟ ಅದರ ಜೊತೆ ನಡೆದಿರಬೇಕು. ಈ ಕಾದಂಬರಿಯ ಗಾತ್ರ ಯಾತಕ್ಕೆ ಅಂತ ಕೇಳುವವರಿಗೆ ನನ್ನ ಉತ್ತರ ಅದೇ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದನ್ನ ನಾಟಕ ಮಾಡಿದಾಗಲೂ ಒಂದೆರಡು ಗಂಟೆಗೆ ಇಳಿಸಲಿಲ್ಲ, ಇಡೀ ರಾತ್ರಿ ಆಡಿದರು. ಜನ ಬೆಳಗಿನವರೆಗೆ ಕೂತು ನೋಡಿದರು.

ಹುಲಿಯನಿಗಾಗಿ ಅತ್ತ ಮೇಲೆ ನನಗೆ ಮಸೂರ್ ಬೇಳೆಯ ಡಬ್ಬಿ ತಂದ ಆ ಹೆಂಗಸು ಮತ್ತೆ ನೆನಪಾದಳು. ಕುವೆಂಪು ಆಗಿದ್ದರೆ ಅವಳ ಹಿಂದೆ ಹೋಗಿರೋರು. ಅವಳು ಯಾವ ಬೀದಿಗೆ ತಿರುಗಿದಳು, ಮನೆಯಲ್ಲಿ ಯಾರಿದ್ದರು, ಅವತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ಬೇಳೆ ಬೇಯಿಸೋಕೆ ಇಟ್ಟಳು, ಎಲ್ಲ ನಮಗೆ ಗೊತ್ತಾಗ್ತಿತ್ತು. ಶಾನಭಾಗರ ಕಥೆಗಾರ ಹೋಗಲ್ಲ. ಹೋಗದೇ ಇರುವುದೇ ಅವನ ಅಪರಾಧ, ಮತ್ತು ಹೋಗಲು ಬಿಡದೇ ಇರುವುದೇ ಆ ಕಾದಂಬರಿಯ ಶಕ್ತಿ. ನಮ್ಮ ಮುಂದೆ ಒಂದು ಗೇಟು ಮುಚ್ಚುತ್ತೆ, ಹೊರಗೆ ಏನಾಯ್ತು ಅನ್ನೋದು ನಮ್ಮನ್ನ ಕೊರೀತಾನೇ ಇರುತ್ತೆ. ಮೊದಲ ಓದಿನಲ್ಲಿ ನನಗೆ ಸಿಕ್ಕಿದ್ದು ಕಹಿ ಮಾತ್ರ. ಆ ಕಹಿ ಎಲ್ಲಿಂದ ಬಂತು ಅಂತ ಗುತ್ತಿಯ ಜೊತೆ ಕಾಡು ದಾಟಿದ ಮೇಲೆ ತಿಳೀತು.

ಹಾಗಂತ ಎರಡನ್ನೂ ಒಂದೇ ತರ ಪ್ರೀತಿಸ್ತೀನಿ ಅಂದರೆ ಸುಳ್ಳಾಗುತ್ತೆ. 'ಮಲೆಗಳಲ್ಲಿ ಮದುಮಗಳು' ನನ್ನ ಜೊತೆ ಇರುವ ಪುಸ್ತಕ; ಯಾವ ಪುಟ ತೆಗೆದರೂ ಓದಬಲ್ಲೆ. 'ಘಾಚರ್ ಘೋಚರ್' ಬಗ್ಗೆ ನನಗಿರೋದು ಗೌರವ ಮತ್ತು ಸ್ವಲ್ಪ ಭಯ. ಕನ್ನಡ ಓದಲು ಬಾರದ ಗೆಳೆಯರಿಗೆ ಕೊಡೋದಾದರೆ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ ಇದೆ. ಕನ್ನಡ ಬರುವವರು ಕನ್ನಡದಲ್ಲೇ ಓದಿ, ಆ ಮನೆಯವರ ಜಗಳದ ಮಾತು ಕೇಳಬೇಕಾದ್ದೇ ಹಾಗೆ.

ನಾನು 'ಘಾಚರ್ ಘೋಚರ್' ಮತ್ತೊಮ್ಮೆ ಓದ್ತೀನಿ. ಆದರೆ ಈ ಸಲ ಮಗನ ಮೇಲೆ ಕಣ್ಣಿಡಲ್ಲ, ಅಪ್ಪನ ಮೇಲೆ ಇಡ್ತೀನಿ. ವ್ಯವಹಾರದಲ್ಲಿ ಅವರದ್ದೂ ಪಾಲಿದೆ, ಎಲ್ಲಾದರೂ ದಾನ ಮಾಡಿಬಿಟ್ಟಾರು ಅಂತ ಮನೆಯವರಿಗೆಲ್ಲ ಅಂಜಿಕೆ. ಆ ಹಣದ ಬಗ್ಗೆ ಒಳಗೊಳಗೇ ಇರುಸುಮುರುಸು ಇರೋ ಮನುಷ್ಯ ಅವರು. ಅಷ್ಟಿದ್ದೂ ಅವರು ಎಲ್ಲೆಲ್ಲಿ ಮಾತಾಡಬಹುದಿತ್ತು, ಎಲ್ಲೆಲ್ಲಿ ಮಾತಾಡಲಿಲ್ಲ ಅಂತ ಪುಟದ ಪಕ್ಕ ಪೆನ್ಸಿಲ್ಲಿನಲ್ಲಿ ಗುರುತು ಹಾಕ್ತಾ ಹೋಗಬೇಕು ಅಂತಿದ್ದೀನಿ.