ಸಂತ ಆಗ್ನೇಸಮ್ಮನ ಹಬ್ಬದ ಪ್ರಬೋಧನೆ

ಪ್ರಭುವಿನಲ್ಲಿ ಪ್ರಿಯ ತಂದೆತಾಯಿಗಳೇ,

ಇಂದು ಜನವರಿ 21. ರೋಮಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಟ್ಟಾಗ ಆಗ್ನೇಸಮ್ಮನಿಗೆ 12 ಅಥವಾ 13 ವರುಷವೆನ್ನುತ್ತದೆ ಸಂಪ್ರದಾಯ. ನಮ್ಮ ಯುವತಿಯರ ಗುಂಪಿನ ಕಿರಿಯಳಿಗೂ ಅದೇ ವಯಸ್ಸು.

ಆಗಮನ ಕಾಲದ ಚಳಿಯಲ್ಲಿ ಈ ಮಕ್ಕಳು ಗೋದಲಿ ಕಟ್ಟಿದರು, ಮನೆಮನೆಗೆ ಹೋಗಿ ಹಾಡಿದರು, ಕಜ್ಜಾಯ ಕರಿದರು. (ಅರ್ಧ ಸೀದುಹೋಯಿತು, ನಾನೂ ತಿಂದೆ.) ‘ನಿಮಗೆ ಹಾಡು, ಗದ್ದಲವೇ ಹೆಚ್ಚು’ ಎಂದು ಗದರಿದವನು ನಾನೇ. ಹಾಸಿಗೆ ಹಿಡಿದ ಅಜ್ಜಿಯೊಬ್ಬರಿಗೆ ಪರಮಪ್ರಸಾದ ಕೊಡಲು ಹೋದಾಗ ತಿಳಿಯಿತು: ಪ್ರತಿ ಶನಿವಾರ ಇವರು ಅಲ್ಲಿಗೆ ಹೋಗಿ, ಅವರ ತಲೆ ಬಾಚಿ, ಜೊತೆಗೆ ಜಪಸರ ಹೇಳುತ್ತಿದ್ದರು.

‘ಹಬ್ಬ ಮುಗಿಯಿತು, ಪರೀಕ್ಷೆ ಬಂತು, ಇನ್ನು ಕಳಿಸುವುದಿಲ್ಲ’ ಎನ್ನುತ್ತಿದ್ದೀರಿ. ಓದಲಿ, ಬೇಡವೆನ್ನಲಾರೆ. ಮರಿಯಮ್ಮನವರು ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ನಾನು ಕೇಳುವುದು ಶನಿವಾರದ ಒಂದೇ ಗಂಟೆ. ಕಳೆದ ವಾರ ಯಾರೂ ಬರಲಿಲ್ಲವೆಂದು ಅಜ್ಜಿ ನನ್ನನ್ನು ವಿಚಾರಿಸಿದರು.